ಮೌಸೋ, ಟರ್ಮಿನಲ್ಲೋ? ಯಾವ ಕೆಲಸಕ್ಕೆ ಯಾವುದು ಒಗ್ಗುತ್ತದೆ

"ನನಗೆ ಕಿಟಕಿ, ಮೆನು, ಬಟನ್ ಇರುವ ಪ್ರೋಗ್ರಾಮುಗಳೇ ಇಷ್ಟ. ಟರ್ಮಿನಲ್ ಕಲಿಯದಿದ್ದರೆ ನಡೆಯಲ್ವಾ?" ಟರ್ಮಿನಲ್ ಅಂದರೆ ಕಮಾಂಡುಗಳನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಪರದೆ. ಹೊಸದಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡವರು ಇದನ್ನು ಕೇಳುತ್ತಾರೆ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರೂ ಕೇಳುತ್ತಾರೆ. ಕೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಮೌಸ್ ಹಿಡಿಯುವುದು ಕಲಿಯದವರ ದಾರಿ, ಟೈಪ್ ಮಾಡುವುದು ಬಲ್ಲವರ ದಾರಿ ಎಂದು ಯಾರೋ ಅವರ ತಲೆಯಲ್ಲಿ ತುಂಬಿರುತ್ತಾರೆ. ಆ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ ಕೆಲಸ ಮುಗಿಯುವುದು ಮುಖ್ಯ. ಯಾವ ದಾರಿಯಲ್ಲಿ ಮುಗಿಯಿತು ಎಂದು ಯಾರೂ ಅಂಕ ಕೊಡುವುದಿಲ್ಲ.

ನಾನು ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ದಿನದ ಹೆಚ್ಚಿನ ಹೊತ್ತು ಕಿಟಕಿಗಳಲ್ಲೇ ಇರುತ್ತೇನೆ, ನನಗೆ ಇಷ್ಟವೂ ಅದೇ. ಕೆಲವು ಕೆಲಸಕ್ಕೆ ಮಾತ್ರ ಟರ್ಮಿನಲ್ ತೆರೆಯುತ್ತೇನೆ. ಇಡೀ ಕಂಪ್ಯೂಟರಿಗೆ ಒಂದೇ ದಾರಿ ಆರಿಸಿಕೊಳ್ಳಬೇಕು ಎಂದುಕೊಂಡರೆ ಗೊಂದಲ ತಪ್ಪಿದ್ದಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ದಾರಿ ಅಂದುಕೊಂಡರೆ ತೀರ್ಮಾನ ಸುಲಭ.

ಮೊದಲು ಅಳತೆಗೋಲು

ಯಾವುದೇ ಕೆಲಸ ಎದುರಿಗೆ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು.

ಈ ಕೆಲಸವನ್ನು ಎಷ್ಟು ಸಲ ಮಾಡಬೇಕು? ಒಂದು ಫೈಲಿಗೋ, ಐನೂರು ಫೈಲಿಗೋ? ಇವತ್ತು ಮಾತ್ರವೋ, ದಿನಾಲೂನೋ?

ಮಾಡುವಾಗ ಕಣ್ಣಿಂದ ನೋಡಿ ನಿರ್ಧರಿಸಬೇಕಾದ್ದು ಇದೆಯಾ? ಬಣ್ಣ, ಅಳತೆ, ಯಾವ ಫೋಟೋ ಚೆನ್ನಾಗಿದೆ ಎನ್ನುವಂಥದ್ದು?

ತಪ್ಪಾದರೆ ವಾಪಸ್ ಪಡೆಯಬಹುದಾ?

ಮುಂದಿನ ಸಲ ಮಾಡುವಾಗ ಹೇಗೆ ಮಾಡಿದೆ ಅನ್ನುವುದು ನೆನಪಿರುತ್ತಾ? ಆರು ತಿಂಗಳಿಗೊಮ್ಮೆ ಬರುವ ಕೆಲಸದ ಕಮಾಂಡ್ ಯಾರಿಗೂ ನೆನಪಿರುವುದಿಲ್ಲ.

ಮೆಷಿನ್ ನನ್ನ ಮೇಜಿನ ಮೇಲಿದೆಯಾ, ಇನ್ನೆಲ್ಲೋ ದೂರದಲ್ಲಿದೆಯಾ?

ಕೊನೆಯದು ಖರ್ಚು. ಇಲ್ಲಿ ದುಡ್ಡಿನ ಮಾತು ಹೆಚ್ಚಾಗಿ ಬರುವುದೇ ಇಲ್ಲ. ಎರಡೂ ಕಡೆ ಒಳ್ಳೆಯ ಪ್ರೋಗ್ರಾಮುಗಳು ಉಚಿತವಾಗಿಯೇ ಸಿಗುತ್ತವೆ. ನೀವು ಕೊಡುವುದು ಹೊತ್ತು. ಅದಕ್ಕೊಂದು ಸುಲಭದ ಲೆಕ್ಕ ಇದೆ. ಕ್ಲಿಕ್ ಮಾಡಿ ಮುಗಿಸಲು ದಿನಾ 5 ನಿಮಿಷ ಹಿಡಿಯುವ ಕೆಲಸ ವರ್ಷಕ್ಕೆ ಸುಮಾರು 30 ಗಂಟೆ ತಿನ್ನುತ್ತದೆ. ಅದನ್ನು ಕಮಾಂಡಿಗೆ ಇಳಿಸಲು 2 ಗಂಟೆ ಕೂತು ಕಲಿತರೆ 24 ದಿನದಲ್ಲಿ ಆ ಹೊತ್ತು ವಾಪಸ್ ಬರುತ್ತದೆ. ಅದೇ 5 ನಿಮಿಷದ ಕೆಲಸ ವರ್ಷಕ್ಕೊಮ್ಮೆ ಬಂದರೆ? 2 ಗಂಟೆ ಸುಮ್ನೆ ಹೋಯಿತು.

ಕಿಟಕಿ, ಮೆನು, ಬಟನ್

ಚಿತ್ರಗಳಿರುವ ಪರದೆ ಯಾಕೆ ಬಂತು ಎಂಬುದನ್ನು ನೆನಪಿಸಿಕೊಂಡರೆ ಅದರ ಬಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಡಗ್ಲಸ್ ಎಂಗಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ಹಿಡಿದು ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ 1973ರಲ್ಲಿ ಆಲ್ಟೋ ಕಂಪ್ಯೂಟರ್ ಬಂತು. 1984ರಲ್ಲಿ ಮ್ಯಾಕಿಂಟಾಷ್ ಬಂತು. ಸ್ಟಾರ್ಟ್ ಬಟನ್ ಹೊತ್ತ ವಿಂಡೋಸ್ 95 ಬಂದಿದ್ದು 1995ರಲ್ಲಿ. ಇವನ್ನು ಕಟ್ಟಿದವರು ಪಳಗಿದ ಕಂಪ್ಯೂಟರ್ ವಿಜ್ಞಾನಿಗಳು. ಕಮಾಂಡ್ ಬಾರದವರ ಪಾಲಿಗೆ ಏನೋ ಒಂದಿರಲಿ ಎಂದು ಕಟ್ಟಿದ್ದಲ್ಲ ಇದು. ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡುವ ದಾರಿ ಹುಡುಕುತ್ತಿದ್ದವರು ಅವರು.

ಅವರು ಹಿಡಿದ ಎಳೆ ಸರಳ. ನೆನಪು ಮಾಡಿಕೊಳ್ಳುವುದಕ್ಕಿಂತ ನೋಡಿ ಗುರುತಿಸುವುದು ಮನುಷ್ಯನಿಗೆ ಸುಲಭ. ಮೆನು ತೆರೆದರೆ ಏನೇನು ಮಾಡಬಹುದು ಎನ್ನುವುದು ಕಣ್ಣ ಮುಂದಿದೆ. ಈಗ ಮಾಡಲಾಗದ್ದು ಮಂಕಾಗಿ ಕಾಣುತ್ತದೆ. ಫೈಲನ್ನು ಎಳೆದು ಇನ್ನೊಂದು ಫೋಲ್ಡರಿಗೆ ಬಿಟ್ಟರೆ ಅದು ಹೋಗಿ ಕೂತಿದ್ದು ಕಾಣುತ್ತದೆ. ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1983ರಲ್ಲಿ ಇದರ ಬಗ್ಗೆ ಬರೆದರು. ವಸ್ತು ಸದಾ ಕಾಣುತ್ತಿರಬೇಕು, ಕೈ ಹಾಕಿದ ಕೂಡಲೇ ಫಲ ತೋರಬೇಕು, ಬೇಡವೆಂದರೆ ಹಿಂದಕ್ಕೆ ಬರುವಂತಿರಬೇಕು ಎನ್ನುವುದು ಅದರ ತಿರುಳು.

ಈ ಮೂರನೆಯದು, ಹಿಂದಕ್ಕೆ ಬರುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಫೈಲ್ ಅಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ. ತಪ್ಪು ಫೋಲ್ಡರಿಗೆ ಸರಿಸಿದರೆ ಕಂಟ್ರೋಲ್ ಝಡ್ ಒತ್ತಿದರೆ ಸಾಕು. ಹಾಳಾಗುವ ಭಯ ಇಲ್ಲದಿದ್ದಾಗ ಜನ ಧೈರ್ಯವಾಗಿ ಅದನ್ನೂ ಇದನ್ನೂ ಒತ್ತಿ ನೋಡುತ್ತಾರೆ. ಹೊಸಬರು ಕಲಿಯುವುದೇ ಹಾಗೆ, ಅಲ್ವಾ?

ಕೊರತೆಗಳೂ ಇವೆ, ಸಣ್ಣವಲ್ಲ. ಒಂದೇ ಕೆಲಸವನ್ನು ಇನ್ನೂರು ಸಲ ಮಾಡಬೇಕೆಂದರೆ ಇನ್ನೂರು ಸಲ ಕ್ಲಿಕ್. ನೀವು ಏನು ಮಾಡಿದಿರಿ ಎನ್ನುವುದರ ದಾಖಲೆ ಎಲ್ಲೂ ಉಳಿಯುವುದಿಲ್ಲ. ಕಳೆದ ತಿಂಗಳು ಆ ಪ್ರಿಂಟರನ್ನು ಹೇಗೆ ಸರಿಮಾಡಿದೆ ಎಂದು ಕೇಳಿದರೆ "ಎಲ್ಲೋ ಸೆಟ್ಟಿಂಗ್ಸ್ ಒಳಗೆ" ಅನ್ನುವುದಷ್ಟೇ ನೆನಪು. ಹೊಸ ಆವೃತ್ತಿ ಬಂದಾಗ ಬಟನ್‌ಗಳು ಜಾಗ ಬದಲಿಸುತ್ತವೆ, ಹಳೆಯ ವಿವರಣೆಗಳ ಚಿತ್ರಗಳು ಕೆಲಸಕ್ಕೆ ಬರುವುದಿಲ್ಲ. ಈಚಿನ ಪ್ರೋಗ್ರಾಮುಗಳಂತೂ ಮೆನುವನ್ನೇ ಮೂರು ಗೆರೆಯ ಚಿಹ್ನೆಯೊಳಗೆ ಅಡಗಿಸಿಡುತ್ತವೆ. ನೋಡಿ ಗುರುತಿಸುವುದೇ ಬಲವಾಗಿದ್ದ ಕಡೆ ನೋಡಲು ಏನೂ ಉಳಿಸದಿರುವುದು ನನಗೆ ಸರಿ ಕಾಣುವುದಿಲ್ಲ.

ಕಮಾಂಡ್ ಲೈನ್

ಟರ್ಮಿನಲ್ಲಿನ ಕಮಾಂಡುಗಳ ಹೆಸರು ಯಾಕೆ ಅಷ್ಟು ಮೊಟಕು? ಪಟ್ಟಿ ತೋರಿಸಲು ಎಲ್‌ಎಸ್, ನಕಲಿಗೆ ಸಿಪಿ, ಸರಿಸಲು ಎಂವಿ, ಅಳಿಸಲು ಆರ್‌ಎಂ. ಈ ಹೆಸರುಗಳು ಬಂದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಆಗ ಬಳಕೆಯಲ್ಲಿದ್ದದ್ದು ಕಾಗದದ ಮೇಲೆ ಅಚ್ಚು ಒತ್ತುವ ಟೆಲಿಟೈಪ್ ಯಂತ್ರ. ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಒತ್ತುತ್ತಿದ್ದುದು 10 ಅಕ್ಷರ. ಅಂಥ ಕಡೆ ಒಂದೊಂದು ಅಕ್ಷರವೂ ಲೆಕ್ಕಕ್ಕೆ ಬರುತ್ತಿತ್ತು. ಕೆಲಸ ಸರಿಯಾಗಿ ಮುಗಿದರೆ ಕಮಾಂಡ್ ಏನೂ ಹೇಳದೆ ಸುಮ್ಮನಿರುವ ಅಭ್ಯಾಸವೂ ಆ ಕಾಲಕ್ಕೆ ಒಪ್ಪುವಂಥದ್ದು. ನೀವು ಟರ್ಮಿನಲ್ ತೆರೆದು ತಬ್ಬಿಬ್ಬಾದರೆ ಅದು ನಿಮ್ಮ ದಡ್ಡತನ ಅಲ್ಲ. ಇನ್ನೊಂದು ಕಾಲದ ಯಂತ್ರಕ್ಕೆ ಹೊಲಿದ ಅಂಗಿಯನ್ನು ನೀವು ತೊಡುತ್ತಿದ್ದೀರಿ, ಅಷ್ಟೇ.

ಆದರೂ ಐವತ್ತು ವರ್ಷ ದಾಟಿ ಅದು ಉಳಿದಿದೆ ಅಂದರೆ ಕಾರಣ ಇರಲೇಬೇಕು. ಮೊದಲನೆಯದು, ಅದಕ್ಕೆ ಒಂದು ಫೈಲೂ ಒಂದೇ, ಸಾವಿರ ಫೈಲೂ ಒಂದೇ. ಎರಡನೆಯದು, ಜೋಡಣೆ. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದನ್ನು ಇನ್ನೊಂದರೊಳಗೆ ಹಾಯಿಸುವ ಪೈಪ್ ಯುನಿಕ್ಸಿಗೆ ಬಂದಿದ್ದು 1973ರಲ್ಲಿ, ಡಗ್ಲಸ್ ಮೆಕ್‌ಇಲ್ರಾಯ್ ಅವರ ಒತ್ತಾಯದಿಂದ. ಯಾರೂ ಮುಂಚೆ ಯೋಚಿಸಿರದ ಕೆಲಸವನ್ನೂ ಚಿಕ್ಕ ಚಿಕ್ಕ ಕಮಾಂಡು ಕೂಡಿಸಿ ಮಾಡಬಹುದು. ಕಿಟಕಿಯ ಪ್ರೋಗ್ರಾಮಿನಲ್ಲಿ ಅದನ್ನು ಬರೆದವರು ಇಟ್ಟ ಬಟನ್ ಮಾತ್ರ ನಿಮ್ಮದು. ಮೂರನೆಯದು, ನೀವು ಮಾಡಿದ್ದೆಲ್ಲ ಬರಹದಲ್ಲಿ ಇರುತ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಹಿಂದಿನ ಕಮಾಂಡ್ ಬರುತ್ತದೆ. ಒಂದು ಫೈಲಿನಲ್ಲಿ ಬರೆದಿಟ್ಟರೆ ಮುಂದಿನ ವರ್ಷಕ್ಕೂ ಸಿದ್ಧ. ಗೆಳೆಯರಿಗೆ ಒಂದು ಸಾಲು ಕಳಿಸಿದರೆ ಅವರ ಕೆಲಸವೂ ಆಯಿತು, ಹತ್ತು ಸ್ಕ್ರೀನ್‌ಶಾಟ್ ಬೇಕಿಲ್ಲ.

ಇನ್ನು ಅದು ಕೇಳುವ ಬೆಲೆ. ಇದನ್ನು ನಾನು ನಷ್ಟದ ಮೂಲಕ ಕಲಿತೆ. ನನ್ನ ಬಳಿ ಎರಡು ಫೋಲ್ಡರ್ ಇದ್ದವು. ಒಂದರ ಹೆಸರು ಫೋಟೋ. ಇನ್ನೊಂದು ಫೋಟೋ ಹಳೆಯದು, ಎರಡು ಪದದ ನಡುವೆ ಖಾಲಿ ಜಾಗ. ಆ ಎರಡನೆಯದರಲ್ಲಿ ಬರೀ ಬೇಡದ ನಕಲುಗಳಿದ್ದವು. ಅದನ್ನು ಅಳಿಸಲು ಆರ್‌ಎಂ ಕಮಾಂಡ್ ಕೊಟ್ಟೆ, ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಲಿಲ್ಲ. ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಮಾದ ಶೆಲ್, ಖಾಲಿ ಜಾಗ ಬಂದ ಕಡೆ ಹೆಸರನ್ನು ಎರಡಾಗಿ ಓದಿತು. ಫೋಟೋ ಎಂಬ ಫೋಲ್ಡರನ್ನು ಅಳಿಸಿತು. ಹಳೆಯದು ಎಂಬ ಹೆಸರಿನದು ಸಿಗಲಿಲ್ಲ ಎಂದು ಒಂದು ಸಾಲು ಬರೆಯಿತು. ಉಳಿಸಬೇಕಿದ್ದದ್ದು ಹೋಯಿತು, ಅಳಿಸಬೇಕಿದ್ದದ್ದು ಉಳಿಯಿತು. ಆರ್‌ಎಂಗೆ ಕಸದ ಬುಟ್ಟಿ ಗೊತ್ತಿಲ್ಲ. ಬ್ಯಾಕಪ್ ಎರಡು ತಿಂಗಳು ಹಿಂದಿನದು. ಆ ಎರಡು ತಿಂಗಳ ಫೋಟೋಗಳು ಮತ್ತೆ ಸಿಗಲೇ ಇಲ್ಲ. ಫೈಲ್ ಮ್ಯಾನೇಜರಿನಲ್ಲಿ ಬಲ ಕ್ಲಿಕ್ ಮಾಡಿ ಅಳಿಸಿದ್ದರೆ ಈ ತಪ್ಪು ಆಗಲು ಜಾಗವೇ ಇರಲಿಲ್ಲ. ಕಮಾಂಡ್ ಬಲ್ಲವರಿಗೂ ಕಿಟಕಿಯ ಪ್ರೋಗ್ರಾಮೇ ಸರಿಯಾದ ಆಯ್ಕೆ ಆಗುವ ಸಂದರ್ಭಗಳಿವೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬೇರೆ ತೊಡಕುಗಳೂ ಇವೆ. ಎಲ್ಲ ಕಡೆ ಓಡಾಡುವ ಕಂಟ್ರೋಲ್ ಸಿ ಇಲ್ಲಿ ನಕಲು ಮಾಡುವುದಿಲ್ಲ, ಓಡುತ್ತಿರುವ ಕಮಾಂಡನ್ನು ನಿಲ್ಲಿಸುತ್ತದೆ. ಲಿನಕ್ಸಿನಲ್ಲಿ ಕಲಿತ ಬ್ಯಾಷ್ ಎಂಬ ಶೆಲ್ಲಿನ ಕಮಾಂಡುಗಳು ವಿಂಡೋಸಿನ ಪವರ್‌ಶೆಲ್‌ನಲ್ಲಿ ಹಾಗೇ ನಡೆಯುವುದಿಲ್ಲ. ಮ್ಯಾಕಿಗೂ ಲಿನಕ್ಸಿಗೂ ಒಂದೇ ಹೆಸರಿನ ಕಮಾಂಡುಗಳಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ. ಉದಾಹರಣೆಗೆ, ಫೈಲಿನೊಳಗೇ ಪಠ್ಯ ಬದಲಿಸುವ ಸೆಡ್ ಕಮಾಂಡಿನ ಆಯ್ಕೆಯನ್ನು ಎರಡು ಕಡೆ ಬೇರೆ ಬೇರೆಯಾಗಿ ಬರೆಯಬೇಕು. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಮತ್ತೊಂದು ತೊಂದರೆ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಹಂಚಿಕೊಂಡಿರುತ್ತದೆ. 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದ 80 ಕಂಬಸಾಲು, 24 ಸಾಲಿನ ನೆರಳು ಇನ್ನೂ ಅದರ ಮೇಲಿದೆ. ಒತ್ತಕ್ಷರ, ಗುಣಿತಾಕ್ಷರ ಆ ಚೌಕಕ್ಕೆ ಹೊಂದುವುದಿಲ್ಲ, ಹಲವು ಟರ್ಮಿನಲ್‌ಗಳಲ್ಲಿ ಅಕ್ಷರ ಒಡೆದು ಕಾಣುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಅದೇ ಹೆಸರು ಅಂದವಾಗಿ ಕೂರುತ್ತದೆ.

ನಡುವಿನ ದಾರಿಗಳು

ಎರಡೇ ಆಯ್ಕೆ ಇರುವುದು ಎಂದುಕೊಂಡು ಒದ್ದಾಡುವವರು ಜಾಸ್ತಿ. ನಡುವೆ ಮೂರು ದಾರಿಗಳಿವೆ.

ಒಂದು, ಟರ್ಮಿನಲ್ ಒಳಗೇ ಮೆನು, ಪಟ್ಟಿ ತೋರಿಸುವ ಪ್ರೋಗ್ರಾಮುಗಳು. 1986ರ ನಾರ್ಟನ್ ಕಮಾಂಡರ್ ಡಾಸ್ ಕಾಲದಲ್ಲಿ ಎರಡು ಫಲಕ ಪಕ್ಕಪಕ್ಕ ಇಟ್ಟು ಫೈಲ್ ಸಾಗಿಸುವುದನ್ನು ಹಗುರ ಮಾಡಿತು. ಅದೇ ದಾರಿಯ ಮಿಡ್‌ನೈಟ್ ಕಮಾಂಡರ್ ಈಗಲೂ ಸಿಗುತ್ತದೆ. ಯಾವ ಪ್ರೋಗ್ರಾಮ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ನೋಡಲು ಎಚ್‌ಟಾಪ್ ಇದೆ. ದೂರದ ಮೆಷಿನಿನಲ್ಲಿ ಕೆಲಸ ಮಾಡಬೇಕು, ಆದರೆ ಕಮಾಂಡುಗಳು ನೆನಪಿರುವುದಿಲ್ಲ ಅನ್ನುವವರಿಗೆ ಇವು ಒಗ್ಗುತ್ತವೆ.

ಎರಡು, ಕಿಟಕಿಯ ಒಳಗೇ ಟೈಪ್ ಮಾಡಿ ಹುಡುಕುವ ಪಟ್ಟಿ. ಮ್ಯಾಕಿನಲ್ಲಿ 2005ರಿಂದ ಇರುವ ಸ್ಪಾಟ್‌ಲೈಟ್, ಲಿನಕ್ಸಿನ ಕೆಡಿಇ ಡೆಸ್ಕ್‌ಟಾಪಿನ ಕೆರನ್ನರ್, ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ ಒತ್ತಿದರೆ ಬರುವ ಪಟ್ಟಿ. ಎರಡು ಮೂರು ಅಕ್ಷರ ಟೈಪ್ ಮಾಡಿದರೆ ಹೊಂದುವ ಕೆಲಸಗಳೆಲ್ಲ ಕೆಳಗೆ ಬರುತ್ತವೆ. ಕೀಬೋರ್ಡಿನ ವೇಗವೂ ಸಿಕ್ಕಿತು, ಹೆಸರು ಪೂರ್ತಿ ನೆನಪಿಡುವ ಕಷ್ಟವೂ ಇಲ್ಲ. ಟರ್ಮಿನಲ್ ಇಷ್ಟ ಇಲ್ಲ ಆದರೆ ಮೌಸ್ ನಿಧಾನ ಅನ್ನಿಸುತ್ತದೆ ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ. ಮೂರು ದಾರಿಗಳಲ್ಲಿ ಹೊಸಬರಿಗೆ ಬೇಗ ಫಲ ಕೊಡುವುದೂ ಇದೇ.

ಮೂರು, ಕಮಾಂಡಿಗೆ ತೊಡಿಸಿದ ಕಿಟಕಿ. ಜಿಆರ್‌ಸಿಂಕ್ ಅಂಥದ್ದು. ಒಳಗೆ ಓಡುವುದು ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಕಮಾಂಡ್, ಹೊರಗೆ ನೀವು ಟಿಕ್ ಹಾಕುವ ಚೌಕಗಳು. ಹೀಗೆ ಟಿಕ್ ಹಾಕಿದರೆ ಯಾವ ಕಮಾಂಡ್ ಓಡುತ್ತದೆ ಎಂದೂ ಅದು ತೋರಿಸುತ್ತದೆ. ಕಲಿಯುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಒಂದು ಎಚ್ಚರಿಕೆ: ಇಂಥ ಪ್ರೋಗ್ರಾಮುಗಳು ಒಳಗಿನ ಕಮಾಂಡಿನ ಎಲ್ಲ ಆಯ್ಕೆಗಳನ್ನೂ ತೋರಿಸುವುದಿಲ್ಲ.

ಕೆಲಸದ ಲೆಕ್ಕದಲ್ಲಿ ನೋಡೋಣ

ಫೈಲುಗಳ ಹೆಸರು ಬದಲಿಸುವುದು. ಟರ್ಮಿನಲ್ ಪರ ವಾದಿಸುವವರು ಮೊದಲು ಎತ್ತುವ ಉದಾಹರಣೆ ಇದು. ಆದರೆ ಈ ವಾದ ಹಳೆಯದಾಗಿದೆ. ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪಿನ ಫೈಲ್ಸ್, ಕೆಡಿಇಯ ಡಾಲ್ಫಿನ್, ಮ್ಯಾಕಿನ ಫೈಂಡರ್ ಮೂರರಲ್ಲೂ ನೂರಾರು ಫೈಲು ಆರಿಸಿ ಒಟ್ಟಿಗೆ ಹೆಸರು ಬದಲಿಸಬಹುದು. ವಿಂಡೋಸಿನಲ್ಲಿ ಪವರ್‌ಟಾಯ್ಸ್ ಹಾಕಿಕೊಂಡರೆ ಪವರ್‌ರೀನೇಮ್ ಬರುತ್ತದೆ. ಹೊಸ ಹೆಸರು ಹೇಗಿರುತ್ತದೆ ಎಂದು ಅದು ಮೊದಲೇ ತೋರಿಸುತ್ತದೆ. ಸಂಖ್ಯೆ ಹಾಕುವುದು, ಒಂದು ಪದ ತೆಗೆದು ಇನ್ನೊಂದು ಹಾಕುವುದು ಇಷ್ಟೇ ಆದರೆ ಕಿಟಕಿಯೇ ಸಾಕು. ಫೋಟೋ ತೆಗೆದ ದಿನಾಂಕ ನೋಡಿ ಫೋಲ್ಡರ್ ಮಾಡಿ ಹೆಸರಿಡಬೇಕು ಅನ್ನುವಂಥ ಷರತ್ತು ಬಂದಾಗ ಕಮಾಂಡಿನ ಕಡೆ ಹೋಗಿ.

ಫೋಟೋ. ಆರಿಸುವುದು, ಕತ್ತರಿಸುವುದು, ಬಣ್ಣ ತಿದ್ದುವುದು ಕಣ್ಣಿನ ಕೆಲಸ. ಇಲ್ಲಿ ಹೋಲಿಕೆಯೇ ಬೇಡ. ಐನೂರು ಫೋಟೋಗಳ ಗಾತ್ರ ಕುಗ್ಗಿಸುವುದು ಮಾತ್ರ ಬೇರೆ ಕೆಲಸ. ಇಮೇಜ್‌ಮ್ಯಾಜಿಕ್ ಅದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆದರೆ ಅದರ ಮೊಗ್ರಿಫೈ ಕಮಾಂಡ್ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ, ಆದ್ದರಿಂದ ನಕಲು ಮಾಡಿದ ಫೋಲ್ಡರಿನಲ್ಲೇ ಓಡಿಸಿ. ಇದೇ ಕೆಲಸಕ್ಕೆ ಕಿಟಕಿಯಲ್ಲಿ ಎಕ್ಸ್‌ಎನ್‌ಕನ್ವರ್ಟ್ ಇದೆ. ವರ್ಷಕ್ಕೆ ಎರಡು ಸಲ ಮಾಡುವವರಿಗೆ ಅದು ಸಾಕು.

ವಿಡಿಯೋ. ತುಂಡು ಜೋಡಿಸುವುದಕ್ಕೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಲು ಹ್ಯಾಂಡ್‌ಬ್ರೇಕ್ ಸುಲಭ. ಎಫ್‌ಎಫ್‌ಎಂಪೆಗ್ ಕಮಾಂಡ್ ಎಲ್ಲಕ್ಕಿಂತ ಬಲಶಾಲಿ, ಆದರೆ ಅದರ ಆಯ್ಕೆಗಳು ಸಮುದ್ರದಷ್ಟಿವೆ. ನಾನು ನಾಲ್ಕೇ ನಾಲ್ಕು ಸಾಲುಗಳನ್ನು ಒಂದು ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನೆನಪಿಡಲು ಯಾವತ್ತೂ ಹೋಗಿಲ್ಲ.

ಡಿಸ್ಕ್ ಮತ್ತು ಪೆನ್‌ಡ್ರೈವ್. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕಿಟಕಿಯ ಪ್ರೋಗ್ರಾಮನ್ನೇ ಬಳಸಿ. ಜಿಪಾರ್ಟೆಡ್‌ನಲ್ಲಿ ಡಿಸ್ಕಿನ ಭಾಗಗಳು ಬಣ್ಣದ ಪಟ್ಟಿಗಳಾಗಿ ಕಾಣುತ್ತವೆ. ನೀವು ಹೇಳಿದ್ದನ್ನೆಲ್ಲ ಅದು ಪಟ್ಟಿ ಮಾಡಿಟ್ಟುಕೊಂಡು, ಅಪ್ಲೈ ಒತ್ತಿದ ಮೇಲಷ್ಟೇ ಕೈ ಹಾಕುತ್ತದೆ. ಡಿಡಿ ಎಂಬ ಕಮಾಂಡಿಗೆ ಅಂಥ ತಾಳ್ಮೆ ಇಲ್ಲ. ಡಿಸ್ಕಿನ ಹೆಸರಿನಲ್ಲಿ ಒಂದೇ ಅಕ್ಷರ ತಪ್ಪಿದರೆ ಪೆನ್‌ಡ್ರೈವ್ ಬದಲು ನಿಮ್ಮ ಕೆಲಸದ ಡಿಸ್ಕಿನ ಮೇಲೆ ಬರೆದುಬಿಡುತ್ತದೆ, ಕೇಳುವುದೂ ಇಲ್ಲ. ಪೆನ್‌ಡ್ರೈವಿಗೆ ಲಿನಕ್ಸ್ ಬರೆಯಲು ಬಲೀನಾ ಎಚರ್, ವಿಂಡೋಸಿನಲ್ಲಿ ರೂಫಸ್ ಇವೆ. ಡಿಸ್ಕನ್ನು ಹೆಸರು, ಗಾತ್ರದ ಸಮೇತ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಎರಡು ನಿಮಿಷ ಉಳಿಸಲು ಇಂಥ ಅಪಾಯ ಯಾಕೆ?

ಬ್ಯಾಕಪ್. ದಿನಾ ತಾನಾಗಿ ನಡೆಯಬೇಕಾದ ಕೆಲಸ. ಕಮಾಂಡಿನ ಗುಣ ಪೂರ್ತಿ ಬೆಳಗುವುದು ಇಲ್ಲಿ. ಆರ್‌ಸಿಂಕ್ ಬದಲಾದ ಫೈಲುಗಳನ್ನು ಮಾತ್ರ ಸಾಗಿಸುತ್ತದೆ, ಹೊತ್ತು ನಿಗದಿ ಮಾಡಿಟ್ಟರೆ ಮರೆತುಬಿಡಬಹುದು. ಎರಡು ಕಡೆ ಹುಷಾರು. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಫೈಲುಗಳು ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಡಿಲೀಟ್ ಆಯ್ಕೆ ಹಾಕಿದರೆ ಮೂಲದಲ್ಲಿ ಇಲ್ಲದ್ದು ಬ್ಯಾಕಪ್‌ನಿಂದಲೂ ಅಳಿಯುತ್ತದೆ. ಡ್ರೈ ರನ್ ಆಯ್ಕೆಯಲ್ಲಿ ಓಡಿಸಿದರೆ ಏನಾಗಲಿದೆ ಎಂದು ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಇಷ್ಟೆಲ್ಲ ನೋಡಿಕೊಳ್ಳಲು ಮನಸ್ಸಿಲ್ಲವೇ? ನಿಮ್ಮ ಸಿಸ್ಟಮ್ಮಿನಲ್ಲಿ ಮೊದಲೇ ಇರುವ ಬ್ಯಾಕಪ್ ಪ್ರೋಗ್ರಾಮನ್ನು ಒಮ್ಮೆ ಆನ್ ಮಾಡಿ. ಯಾವುದಾದರೂ ಒಂದು ಇರಲಿ. ನನ್ನ ಹಾಗೆ ಎರಡು ತಿಂಗಳು ಬಿಟ್ಟುಬಿಡಬೇಡಿ.

ಪ್ರೋಗ್ರಾಮ್ ಹಾಕುವುದು. ಏನು ಬೇಕು ಎಂದು ಗೊತ್ತಿಲ್ಲದಾಗ ಗ್ನೋಮ್ ಸಾಫ್ಟ್‌ವೇರ್, ಡಿಸ್ಕವರ್, ಮೈಕ್ರೋಸಾಫ್ಟ್ ಸ್ಟೋರ್ ಥರದ ಅಂಗಡಿಗಳು ವಾಸಿ. ಚಿತ್ರ, ವಿವರಣೆ ನೋಡಿ ಆರಿಸಬಹುದು. ಹೆಸರು ಗೊತ್ತಿದ್ದಾಗ ಮತ್ತು ಹೊಸ ಮೆಷಿನಿಗೆ ಹದಿನೈದು ಪ್ರೋಗ್ರಾಮ್ ಒಟ್ಟಿಗೆ ಹಾಕಬೇಕಾದಾಗ ಎಪಿಟಿ, ವಿನ್‌ಗೆಟ್, ಹೋಮ್‌ಬ್ರೂ ಇವುಗಳಲ್ಲಿ ನಿಮ್ಮ ಸಿಸ್ಟಮ್ಮಿಗೆ ಸೇರಿದ್ದು ಒಂದೇ ಸಾಲಿನಲ್ಲಿ ಮುಗಿಸಿಕೊಡುತ್ತದೆ.

ಗಿಟ್. ಕೋಡಿನಲ್ಲಿ ಆದ ಬದಲಾವಣೆಗಳ ದಾಖಲೆ ಇಡುವ ಪ್ರೋಗ್ರಾಮ್. ಪ್ರೋಗ್ರಾಮಿಂಗ್ ಕಲಿಯುವವರನ್ನು ಹೆಚ್ಚು ಹೆದರಿಸುವುದು ಇದು. ದಿನಾ ಬೇಕಾಗುವ ಕಮಾಂಡು ಐದಾರು ಮಾತ್ರ, ಕಲಿತರೆ ಒಳ್ಳೆಯದು. ಆದರೆ ಏನು ಬದಲಾಗಿದೆ ಎಂದು ನೋಡುವುದು, ಒಂದು ಫೈಲಿನ ಕೆಲವೇ ಸಾಲುಗಳನ್ನು ಸೇರಿಸುವುದು, ಇಬ್ಬರು ಬರೆದದ್ದು ಡಿಕ್ಕಿ ಹೊಡೆದಾಗ ಬಿಡಿಸುವುದು, ಇವೆಲ್ಲ ಪಕ್ಕಪಕ್ಕ ಬಣ್ಣದಲ್ಲಿ ಕಂಡರೇ ಚೆಂದ. ಗಿಟ್ ಯೋಜನೆಯವರೇ ಗಿಟ್‌ಕೆ, ಗಿಟ್ ಗುಯಿ ಎಂಬ ಎರಡು ಕಿಟಕಿಯ ಪ್ರೋಗ್ರಾಮುಗಳನ್ನು ಜೊತೆಗೇ ಕೊಡುತ್ತಾರೆ. ಅವರೇ ಕೊಟ್ಟಿರುವಾಗ ಬಳಸಲು ನಾಚಿಕೆ ಯಾಕೆ?

ದೂರದ ಸರ್ವರ್. ಇಲ್ಲಿ ಕಮಾಂಡ್ ಲೈನ್ ಗೆಲ್ಲುತ್ತದೆ. 1995ರಲ್ಲಿ ಟಾಟು ಯ್ಲೋನೆನ್ ಬರೆದ, ದೂರದ ಮೆಷಿನಿನ ಟರ್ಮಿನಲ್ ತೆರೆಯುವ ಎಸ್‌ಎಸ್‌ಎಚ್ ಬರೀ ಅಕ್ಷರಗಳನ್ನು ಕಳಿಸುತ್ತದೆ, ನಿಧಾನ ಇಂಟರ್‌ನೆಟ್ಟಿನಲ್ಲೂ ನಡೆಯುತ್ತದೆ. ಇಡೀ ಪರದೆಯ ಚಿತ್ರ ಸಾಗಿಸುವ ರಿಮೋಟ್ ಡೆಸ್ಕ್‌ಟಾಪಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬ್ಯಾಂಡ್‌ವಿಡ್ತ್ ಬೇಕು. ಹೆಚ್ಚಿನ ಸರ್ವರ್‌ಗಳಲ್ಲಿ ಡೆಸ್ಕ್‌ಟಾಪ್ ಹಾಕಿಯೇ ಇರುವುದಿಲ್ಲ.

ಕಿಟಕಿಯನ್ನೇ ನೆಚ್ಚಿಕೊಂಡವರಿಗೂ ಟರ್ಮಿನಲ್‌ನ ಒಂದು ಉಪಯೋಗ ಹೇಳುತ್ತೇನೆ. ಲಿನಕ್ಸಿನಲ್ಲಿ ಯಾವುದಾದರೂ ಪ್ರೋಗ್ರಾಮ್ ತೆರೆದ ಕೂಡಲೇ ಮುಚ್ಚಿಹೋದರೆ, ಅದರ ಹೆಸರನ್ನು ಟರ್ಮಿನಲ್‌ನಲ್ಲಿ ಟೈಪ್ ಮಾಡಿ ತೆರೆಯಿರಿ. ಐಕಾನ್ ಒತ್ತಿದಾಗ ಕಾಣದ ದೋಷದ ಮಾತುಗಳು ಹೆಚ್ಚಿನ ಸಲ ಅಲ್ಲಿ ಅಚ್ಚಾಗುತ್ತವೆ. ಸಹಾಯ ಕೇಳುವಾಗ ಆ ಸಾಲುಗಳನ್ನು ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ನೀವು ಯಾರು ಎನ್ನುವುದರ ಮೇಲೆ

ಬರಹ, ಲೆಕ್ಕಪತ್ರ, ಮೇಲ್, ಓದು, ಸಿನಿಮಾ ಇವೇ ನಿಮ್ಮ ಕೆಲಸವಾದರೆ ಕಿಟಕಿಯಲ್ಲೇ ಇರಿ. ಟರ್ಮಿನಲ್ ಕಲಿಯಲು ಕೊಡುವ ಹೊತ್ತನ್ನು ಕೀಬೋರ್ಡ್ ಶಾರ್ಟ್‌ಕಟ್ ಕಲಿಯಲು ಕೊಡಿ. ಕಿಟಕಿಯಿಂದ ಕಿಟಕಿಗೆ ಹೋಗುವುದು, ಪದ ಪದವಾಗಿ ಹಾರುವುದು, ಮುಚ್ಚಿದ ಟ್ಯಾಬ್ ಮತ್ತೆ ತೆರೆಯುವುದು. ಇವು ಮೊದಲ ದಿನದಿಂದಲೇ ಲಾಭ ಕೊಡುತ್ತವೆ.

ಪ್ರೋಗ್ರಾಮಿಂಗ್, ಸರ್ವರ್, ದತ್ತಾಂಶದ ಕೆಲಸಕ್ಕೆ ಹೋಗುವವರು ಟರ್ಮಿನಲ್ ಕಲಿಯಲೇಬೇಕು, ಅದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಕಿಟಕಿಗಳನ್ನು ಬಿಟ್ಟುಕೊಡಬೇಕಿಲ್ಲ. ಫೋಲ್ಡರುಗಳ ನಡುವೆ ಓಡಾಡುವುದು, ಹುಡುಕುವುದು, ಪೈಪ್ ಜೋಡಿಸುವುದು, ಸಹಾಯ ಪುಟ ಓದುವುದು ಇಷ್ಟರಿಂದ ಶುರು ಮಾಡಿ. ಹೆಸರು ಅರ್ಧ ಟೈಪ್ ಮಾಡಿ ಟ್ಯಾಬ್ ಕೀ ಒತ್ತಿದರೆ ಉಳಿದದ್ದು ತಾನೇ ತುಂಬುತ್ತದೆ. ಇದೊಂದು ಗೊತ್ತಿದ್ದರೆ ಟೈಪಿಂಗ್ ತಪ್ಪು ಎಷ್ಟೋ ಕಮ್ಮಿಯಾಗುತ್ತದೆ.

ಹಳೆಯ, ಮೆಮೊರಿ ಕಡಿಮೆ ಇರುವ ಕಂಪ್ಯೂಟರ್ ಇರುವವರು ಟರ್ಮಿನಲ್ಲೇ ಗತಿ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪುಗಳಿವೆ. ಹೊಸ ಮೆಷಿನಿಗೆ ದುಡ್ಡು ಸುರಿಯುವ ಮುಂಚೆ ಅವನ್ನೊಮ್ಮೆ ಹಾಕಿ ನೋಡಿ. ಅಂಥ ಮೆಷಿನನ್ನು ಹೆಚ್ಚಾಗಿ ಹಿಂಡುವುದು ಬ್ರೌಸರ್, ಅದಕ್ಕೆ ಟರ್ಮಿನಲ್ ಕಲಿತು ಪ್ರಯೋಜನವಿಲ್ಲ.

ಮಣಿಕಟ್ಟು ನೋಯುವವರಿಗೆ ಮೌಸ್ ಕಡಿಮೆ ಮಾಡುವುದು ಹಿತ ಅನ್ನಿಸಬಹುದು. ಕೆಲವರಿಗೆ ಟೈಪಿಂಗೇ ನೋವು. ನಿಮ್ಮ ಕೈ ಹೇಳುವುದನ್ನು ಕೇಳಿ. ದೃಷ್ಟಿ ಕಡಿಮೆ ಇರುವವರಿಗೂ ಒಂದೇ ಉತ್ತರ ಇಲ್ಲ. ಸಾಲು ಸಾಲಾಗಿ ಬರುವ ಪಠ್ಯ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅನುಕೂಲ. ಅದೇ ಟರ್ಮಿನಲ್‌ನಲ್ಲಿ ಗೆರೆ, ಚೌಕ ಬಿಡಿಸಿ ಮಾಡಿದ ಮೆನುಗಳು ಅದಕ್ಕೆ ತೊಡಕು. ಬಟನ್‌ಗಳಿಗೆ ಸರಿಯಾಗಿ ಹೆಸರು ಕೊಟ್ಟಿರುವ ಕಿಟಕಿಯ ಪ್ರೋಗ್ರಾಮ್ ಎನ್‌ವಿಡಿಎ, ಓರ್ಕಾ, ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರುಗಳ ಜೊತೆ ಚೆನ್ನಾಗಿ ನಡೆಯುತ್ತದೆ. ಹೆಸರು ಕೊಡದೆ ಬಿಟ್ಟಿದ್ದರೆ ಬಳಸಲಾಗುವುದಿಲ್ಲ.

ಟರ್ಮಿನಲ್ ತೆರೆಯುವುದಾದರೆ

ಅಳಿಸುವ ಮುಂಚೆ, ಅದೇ ಹೆಸರು ಕೊಟ್ಟು ಎಲ್‌ಎಸ್ ಓಡಿಸಿ. ಯಾವ ಯಾವ ಫೈಲು ಸಿಕ್ಕಿಬೀಳುತ್ತವೆ ಎಂದು ಕಾಣುತ್ತದೆ. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆ ಹಾಕಿ. ಲಿನಕ್ಸಿನ ಗ್ನೋಮ್‌ನಲ್ಲಿ ಆರ್‌ಎಂ ಬದಲು ಜಿಐಒ ಟ್ರ್ಯಾಶ್ ಎಂಬ ಕಮಾಂಡ್ ಬಳಸಿದರೆ ಫೈಲು ಕಸದ ಬುಟ್ಟಿಗೇ ಹೋಗುತ್ತದೆ. ನಾನೀಗ ಬಳಸುವುದು ಅದನ್ನೇ.

ಇಂಟರ್‌ನೆಟ್ಟಿನಲ್ಲಿ ಕಂಡ ಸಾಲನ್ನು ಅರ್ಥವಾಗದೆ ಅಂಟಿಸಬೇಡಿ, ಅದರಲ್ಲೂ ಸುಡೋ ಎಂದು ಶುರುವಾಗುವುದನ್ನು. ಅದು ಇಡೀ ಸಿಸ್ಟಮ್ಮಿನ ಬೀಗದ ಕೈಯನ್ನೇ ಕೊಟ್ಟ ಹಾಗೆ. ಈಗ ಎಐ ಸಹಾಯಕಗಳೂ ಕೇಳಿದ ಕಮಾಂಡ್ ಬರೆದುಕೊಡುತ್ತವೆ. ನೆನಪಿಡುವ ಕಷ್ಟ ಅದರಿಂದ ಕಮ್ಮಿಯಾಗಿದೆ ನಿಜ. ಆದರೆ ಅವು ಬರೆದದ್ದು ತಪ್ಪಿದ್ದರೆ ಕಳೆದುಹೋಗುವುದು ನಿಮ್ಮ ಫೈಲು. ಒಂದೊಂದು ಭಾಗ ಏನು ಮಾಡುತ್ತದೆ ಎಂದು ಅದನ್ನೇ ಕೇಳಿ, ಸಹಾಯ ಪುಟದಲ್ಲಿ ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿ.

ಇನ್ನೂ ತೀರ್ಮಾನ ಆಗದಿದ್ದರೆ ಹೀಗೆ ಮಾಡಿ. ಒಂದು ವಾರ ನೀವು ಈಗ ಮಾಡುವ ಹಾಗೇ ಕೆಲಸ ಮಾಡಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಒಂದೇ ಕ್ಲಿಕ್ಕಿನ ಸರಣಿಯನ್ನು ಹತ್ತಕ್ಕಿಂತ ಹೆಚ್ಚು ಸಲ ಮಾಡಿದ ಕೆಲಸ ಬಂದಾಗೆಲ್ಲ ಒಂದು ಸಾಲು ಬರೆಯಿರಿ. ವಾರದ ಕೊನೆಗೆ ಹಾಳೆ ಖಾಲಿ ಇದ್ದರೆ ನಿಮಗೆ ಸದ್ಯಕ್ಕೆ ಟರ್ಮಿನಲ್ ಬೇಕಿಲ್ಲ. ಸಾಲುಗಳಿದ್ದರೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಕೆಲಸವನ್ನು ಆರಿಸಿ. ಅದಕ್ಕೆ ಫೈಲ್ ಮ್ಯಾನೇಜರಿನಲ್ಲೇ ದಾರಿ ಇದೆಯಾ ಎಂದು ಮೊದಲು ಹುಡುಕಿ. ಸಿಗದಿದ್ದರೆ ಅದೊಂದಕ್ಕೆ ಬೇಕಾದ ಕಮಾಂಡನ್ನು ಮಾತ್ರ ಕಲಿಯಿರಿ, ನಕಲು ಮಾಡಿದ ಫೋಲ್ಡರಿನಲ್ಲಿ ಓಡಿಸಿ ನೋಡಿ, ಸರಿಯಾದ ಸಾಲನ್ನು ಅದೇ ಹಾಳೆಯಲ್ಲಿ ಬರೆದಿಡಿ.